ನಾಲ್ಕು ನಾಯಿಗಳೊಡನೆ ಒಂದು ನಡಿಗೆ

ಮುಂಜಾನೆ ಆರು ಗಂಟೆಗೆ ಮೈಸೂರಿನಲ್ಲಿ ನಮ್ಮ ಬಡಾವಣೆಯ ಮೂರನೆಯ ಅಡ್ಡರಸ್ತೆಗೆ ಬಂದವರಿಗೆ ಒಂದು ಮೆರವಣಿಗೆ ಕಾಣಸಿಗುತ್ತದೆ. ಮುಂದೆ ನೀಳಕಾಲಿನ ಮುಧೋಳ ನಾಯಿ. ಅದರ ಪಕ್ಕದಲ್ಲಿ ದಪ್ಪ ರೋಮದ ಲ್ಯಾಬ್ರಡಾರ್. ಹಿಂದೆ, ನೆಲಕ್ಕೆ ಹೊಟ್ಟೆ ತಗಲುವುದೋ ಎಂಬಂತೆ ಓಡಿಬರುವ ಒಂದು ಡ್ಯಾಶ್‌ಹೌಂಡ್. ಎಲ್ಲಕ್ಕೂ ಹಿಂದೆ ಏದುಸಿರು ಬಿಡುವ ಚಪ್ಪಟೆ ಮೂಗಿನ ಪಗ್. ನಾಲ್ಕು ಹಗ್ಗಗಳ ಇನ್ನೊಂದು ತುದಿಯಲ್ಲಿ ಕಾಲೇಜಿನ ವಿದ್ಯಾರ್ಥಿಯೊಬ್ಬ. ಅವನು ನಾಯಿಗಳನ್ನು ನಡೆಸುತ್ತಿರುವನೋ, ನಾಯಿಗಳೇ ಅವನನ್ನು ನಡೆಸುತ್ತಿರುವುವೋ ಎಂಬುದು ಹಾಲು ತರಲು ಹೊರಟವರ ನಿತ್ಯದ ವಿನೋದ.

ಈ ಮೆರವಣಿಗೆಗೆ ಕಾರಣವಾದದ್ದು ವಿನೋದವಲ್ಲ. ನಮ್ಮ ಬೀದಿಯ ಹಲವು ಮನೆಗಳಲ್ಲಿ ಈಗ ಇರುವವರು ವೃದ್ಧರು ಮಾತ್ರ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿದ್ದಾರೆ. ಮಕ್ಕಳು ಆಸೆಪಟ್ಟು ತಂದ ನಾಯಿ ಇಲ್ಲಿಯೇ ಉಳಿದಿದೆ. ಮಂಡಿನೋವಿನ ಯಜಮಾನರು ಅದನ್ನು ಅಡ್ಡಾಡಿಸಲಾರರು. ನಾಯಿ ದಿನವೆಲ್ಲ ಗೇಟಿನ ಬಳಿ ನಿಂತು ಬೊಗಳುತ್ತದೆ. ಇಂಥ ಏಳೆಂಟು ನಾಯಿಗಳನ್ನು ದಿನಕ್ಕೊಮ್ಮೆ ಒಟ್ಟಾಗಿ ನಡೆಸಿಕೊಂಡು ಬರುವ ಒಂದು ಸಣ್ಣ ವ್ಯವಸ್ಥೆಯನ್ನು, ಮೂವರು ವಿದ್ಯಾರ್ಥಿಗಳ ನೆರವಿನಿಂದ, ನಾವು ಆರಂಭಿಸಿದೆವು. ಅಲ್ಪಸ್ವಲ್ಪ ಹಣ ಪಡೆಯುತ್ತೇವೆ. ಅದು ವಿದ್ಯಾರ್ಥಿಗಳ ಖರ್ಚಿಗೆ ಒದಗುತ್ತದೆ.

ಕಲ್ಪನೆ ಹೊಸದೇನೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ಜಿಮ್ ಬಕ್ ಎಂಬಾತನು 1960ರ ದಶಕದಲ್ಲಿಯೇ ಇದನ್ನು ಜೀವನೋಪಾಯವಾಗಿ ಮಾಡಿಕೊಂಡು, ಸಹಾಯಕರನ್ನಿಟ್ಟುಕೊಂಡು, ಸುಮಾರು ನಲವತ್ತು ವರ್ಷ ನಡೆಸಿದನು. 2013ರಲ್ಲಿ ಆತನು ತೀರಿಕೊಂಡಾಗ ಪತ್ರಿಕೆಗಳು ಅವನನ್ನು ಈ ವೃತ್ತಿಯ ಮೂಲಪುರುಷನೆಂದೇ ಸ್ಮರಿಸಿದುವು. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ನಾಯಿಗಳ ಗುಂಪನ್ನು ನಡೆಸುವವರು ನಗರದ ಒಂದು ಗುರುತೇ ಆಗಿದ್ದಾರೆ. ಅಲ್ಲಿ ಒಬ್ಬನು ಎಂಟಕ್ಕಿಂತ ಹೆಚ್ಚು ನಾಯಿಗಳನ್ನು ಹಿಡಿಯುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರವೂ 2013ರಿಂದ ಇದೇ ಮಿತಿಯನ್ನು ವಿಧಿಸಿ, ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಬಾಡಿಗೆಗೆ ನಡೆಸುವವರು ಪರವಾನಗಿ ಪಡೆಯಬೇಕೆಂದು ಕಾನೂನು ಮಾಡಿತು.

ಎಂಟು ಎಂಬ ಸಂಖ್ಯೆಯನ್ನು ಓದಿದಾಗ, ನಾಲ್ಕು ನಾಯಿಗಳು ನಮಗೆ ಲೆಕ್ಕಕ್ಕೇ ಇಲ್ಲವೆಂದು ತೋರಿತು. ಎರಡನೆಯ ವಾರದಲ್ಲಿಯೇ ಬಲಗೈಯ ಮಣಿಕಟ್ಟು ಮುರಿದುಕೊಂಡೆವು. ಹದಿನೈದು ವರ್ಷ ಬಲ, ಘರ್ಷಣೆ, ಗುರುತ್ವಕೇಂದ್ರಗಳನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿದವರಿಗೆ ಈ ಪಾಠ ಬೀದಿಯಲ್ಲಿ ದೊರೆತುದು ನಾಚಿಕೆಯ ಸಂಗತಿ. ಆದರೂ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಕುಳಿತ ಐದು ವಾರಗಳಲ್ಲಿ ಮಾಡಿದ ಲೆಕ್ಕಗಳು ವಿದ್ಯಾರ್ಥಿಗಳಿಗೆ ಉಪಯುಕ್ತವಾದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ನಡೆದುದಿಷ್ಟು. ಲ್ಯಾಬ್ರಡಾರ್ ನಾಯಿಯ ಹಗ್ಗವನ್ನು, ಜಾರದಿರಲೆಂದು, ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆವು. ಕಾಂಪೌಂಡಿನಿಂದ ಬೆಕ್ಕೊಂದು ಹಾರಿತು. ನಾಯಿ ನೆಗೆಯಿತು. ನಾವು ಮುಷ್ಟಿ ಬಿಚ್ಚಿದೆವು, ಹಗ್ಗ ಬಿಡಲಿಲ್ಲ. ಮರುಕ್ಷಣದಲ್ಲಿ ರಸ್ತೆಯ ಮೇಲೆ ಅಂಗಾತವಲ್ಲ, ಬೋರಲು ಬಿದ್ದಿದ್ದೆವು.

ಇಲ್ಲಿ ಮೂರು ಪ್ರಶ್ನೆಗಳಿವೆ. ನಿಂತ ಮನುಷ್ಯನನ್ನು ಉರುಳಿಸಲು ಎಷ್ಟು ಬಲ ಬೇಕು? ನಾಯಿಯಿಂದ ಅಷ್ಟು ಬಲ ಹೇಗೆ ಬಂದಿತು? ಮುಷ್ಟಿ ಬಿಚ್ಚಿದರೂ ಹಗ್ಗ ಏಕೆ ಬಿಡಲಿಲ್ಲ?

ಮೊದಲನೆಯದು ಸುಲಭ. 60 ಕಿಲೋಗ್ರಾಂ ತೂಕದ ಒಬ್ಬನು ಎರಡು ಪಾದಗಳನ್ನೂ ಜೋಡಿಸಿಕೊಂಡು ನಿಂತಿದ್ದಾನೆನ್ನಿ. ಅವನ ಗುರುತ್ವಕೇಂದ್ರದಿಂದ ಕೆಳಗಿಳಿಯುವ ಲಂಬರೇಖೆಯು ಕಾಲ್ಬೆರಳುಗಳ ತುದಿಗಿಂತ ಸುಮಾರು 15 ಸೆಂಟಿಮೀಟರು ಹಿಂದಿರುತ್ತದೆ. ನಾಯಿ ಮುಂದಕ್ಕೆ ಎಳೆದಾಗ ಅವನು ಕಾಲ್ಬೆರಳುಗಳನ್ನೇ ಆಧಾರವಾಗಿಟ್ಟುಕೊಂಡು, ತೆರೆಯುವ ಪೆಟ್ಟಿಗೆಯ ಮುಚ್ಚಳದಂತೆ, ಮುಂದಕ್ಕೆ ವಾಲಬೇಕು. ಅವನ ತೂಕ ಇದನ್ನು ತಡೆಯುತ್ತದೆ. ತಡೆಯುವ ಸಾಮರ್ಥ್ಯವು 60ನ್ನು 0.15 ಮೀಟರಿನಿಂದ ಗುಣಿಸಿದಷ್ಟು, ಎಂದರೆ 9. ಹಗ್ಗ ನೆಲದಿಂದ ಒಂದು ಮೀಟರು ಎತ್ತರದಲ್ಲಿ, ಮಟ್ಟಸವಾಗಿ ಇದೆಯೆಂದು ಭಾವಿಸಿದರೆ, ಉರುಳಿಸಲು ಬೇಕಾದುದು ಕೇವಲ 9 ಕಿಲೋಗ್ರಾಂ ಭಾರದಷ್ಟು ಎಳೆತ. ಒಂದು ಕೊಡ ನೀರಿನ ತೂಕಕ್ಕಿಂತ ಕಡಿಮೆ! ಒಂದು ಹೆಜ್ಜೆ ಮುಂದಿಟ್ಟು ಆಧಾರವನ್ನು 30 ಸೆಂಟಿಮೀಟರಿಗೆ ಹೆಚ್ಚಿಸಿಕೊಂಡರೆ ಇದು 18 ಕಿಲೋಗ್ರಾಂ ಆಗುತ್ತದೆ. ಮಂಡಿ ಬಗ್ಗಿಸಿ, ಹಗ್ಗ ಹಿಡಿದ ಕೈಯನ್ನು ಅರ್ಧ ಮೀಟರು ಎತ್ತರಕ್ಕೆ ಇಳಿಸಿದರೆ ಅದೂ ಇಮ್ಮಡಿಸಿ 36 ಆಗುತ್ತದೆ. ಹಗ್ಗ ಜಗ್ಗುವ ಪಂದ್ಯದಲ್ಲಿ ಹಳ್ಳಿಯ ಹುಡುಗರು ಕಾಲಗಲಿಸಿ, ಕುಕ್ಕರಿಸಿದಂತೆ ಕೂತು, ಹಿಂದಕ್ಕೆ ವಾಲುವುದನ್ನು ನೋಡಿಲ್ಲವೆ? ಅವರಿಗೆ ಯಾರೂ ಈ ಗುಣಾಕಾರವನ್ನು ಹೇಳಿಕೊಟ್ಟಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಹಗ್ಗದ ಸಡಿಲಿನಲ್ಲಿದೆ. 20 ಕಿಲೋಗ್ರಾಂ ತೂಗುವ ನಾಯಿಯು ಸೆಕೆಂಡಿಗೆ ಸೆಕೆಂಡಿಗೆ 4 ಮೀಟರು ವೇಗೋತ್ಕರ್ಷದಿಂದ ಹೊರಟಿತೆನ್ನೋಣ. ಇದಕ್ಕೆ ಅದರ ಕಾಲುಗಳು ಪ್ರಯೋಗಿಸುವ ಬಲ 80 ನ್ಯೂಟನ್, ಎಂದರೆ ಸುಮಾರು 8 ಕಿಲೋಗ್ರಾಂ ಭಾರ ಮಾತ್ರ. ಆದರೆ ಹಗ್ಗ 4 ಮೀಟರು ಸಡಿಲವಾಗಿದ್ದರೆ, ಅದು ಬಿಗಿಯಾಗುವ ಹೊತ್ತಿಗೆ ನಾಯಿಯಲ್ಲಿ 320 ಜೂಲ್‌ಗಳಷ್ಟು ಚಲನಶಕ್ತಿ ಶೇಖರವಾಗಿರುತ್ತದೆ. ಅದರ ವೇಗ ಗಂಟೆಗೆ 20 ಕಿಲೋಮೀಟರು. ಈ ಶಕ್ತಿಯೆಲ್ಲ ನಮ್ಮ ತೋಳು ಚಾಚಿ, ಹಗ್ಗ ಹಿಗ್ಗಿ, ಒಟ್ಟು 40 ಸೆಂಟಿಮೀಟರಿನೊಳಗೆ ವ್ಯಯವಾಗಬೇಕು. 320ನ್ನು 0.4ರಿಂದ ಭಾಗಿಸಿದರೆ 800 ನ್ಯೂಟನ್. ಸುಮಾರು 80 ಕಿಲೋಗ್ರಾಂ ಭಾರ! ಸಡಿಲು ಅರ್ಧ ಮೀಟರು ಮಾತ್ರ ಇದ್ದರೆ ಇದೇ ಲೆಕ್ಕದಲ್ಲಿ ಬರುವುದು 10 ಕಿಲೋಗ್ರಾಂ. ನಾಯಿಯ ಶಕ್ತಿ ಎರಡು ಸಲವೂ ಅದೇ. ವ್ಯತ್ಯಾಸವೆಲ್ಲ ನಾವು ಅದಕ್ಕೆ ಬಿಟ್ಟುಕೊಟ್ಟ ಓಟದ ದೂರದಲ್ಲಿ. ಈ ಎಳೆತದ ಇನ್ನೊಂದು ತುದಿಯು ನಾಯಿಯ ಕೊರಳಿನಲ್ಲಿದೆ ಎಂಬುದನ್ನು ಮರೆಯಬಾರದು. ನ್ಯೂಟನ್ನನ ಮೂರನೆಯ ನಿಯಮವು ಯಜಮಾನನಿಗೂ ನಾಯಿಗೂ ಭೇದವೆಣಿಸುವುದಿಲ್ಲ. ಆದುದರಿಂದ ಈಗ ನಮ್ಮಲ್ಲಿ ಕೊರಳಪಟ್ಟಿಗೆ ಹಗ್ಗ ಕಟ್ಟುವ ಪದ್ಧತಿಯನ್ನು ಬಿಟ್ಟು, ಅಗಲವಾದ ಎದೆಪಟ್ಟಿಗೆ ಕಟ್ಟುತ್ತೇವೆ. ಅದೇ ಬಲ ಹೆಚ್ಚು ವಿಸ್ತಾರದ ಮೇಲೆ ಹಂಚಿಹೋಗಿ ಒತ್ತಡ ತಗ್ಗುತ್ತದೆ, ಶ್ವಾಸನಾಳವೂ ಪಾರಾಗುತ್ತದೆ.

ಮೂರನೆಯ ಪ್ರಶ್ನೆಯೇ ನಮಗೆ ಅತ್ಯಂತ ಸ್ವಾರಸ್ಯವಾಗಿ ಕಂಡುದು. ಕೊಬ್ಬಿದ ಹೋರಿಯನ್ನು ನಿಲ್ಲಿಸಬೇಕಾದ ರೈತನು ಅದರೊಡನೆ ಹೋರಾಡುವುದಿಲ್ಲ. ಹಗ್ಗವನ್ನು ಹತ್ತಿರದ ಕಂಬಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡು ಎಲೆ‌ಅಡಿಕೆ ಮೆಲ್ಲುತ್ತಾನೆ. ಬಂದರಿನಲ್ಲಿ ಹಡಗನ್ನು ದಡಕ್ಕೆ ಬಿಗಿಯುವವರೂ ಮಾಡುವುದು ಇದನ್ನೇ. ಹಗ್ಗದ ಪ್ರತಿಯೊಂದು ತುಣುಕೂ ಕಂಬವನ್ನು ಒತ್ತುತ್ತದೆ; ಒತ್ತಿದಷ್ಟೂ ಘರ್ಷಣೆ; ಘರ್ಷಣೆ ಹೆಚ್ಚಿದಷ್ಟೂ ಮುಂದಿನ ತುಣುಕು ತಡೆಯಬಲ್ಲ ಎಳೆತ ಹೆಚ್ಚು. ಹೀಗೆ ಬಲವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ, ಚಕ್ರಬಡ್ಡಿಯಂತೆ. ಈ ನಿಯಮವನ್ನು ಹದಿನೆಂಟನೆಯ ಶತಮಾನದ ಮಹಾಗಣಿತಜ್ಞ ಆಯ್ಲರನು ಸಾಧಿಸಿದನು. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿಗೆ ಬಲವು 6.6 ಪಟ್ಟಾಗುತ್ತದೆ, ಎರಡು ಸುತ್ತಿಗೆ 43 ಪಟ್ಟು, ಮೂರಕ್ಕೆ ಸುಮಾರು 285 ಪಟ್ಟು. ಕಂಬದ ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಸುತ್ತುಗಳ ಸಂಖ್ಯೆಯೇ ಮುಖ್ಯ.

ನಮ್ಮ ಅಂಗೈಯೇ ಅಂದು ಕಂಬವಾಗಿತ್ತು. ಬಿಚ್ಚುತ್ತಿದ್ದ ಮುಷ್ಟಿಯಲ್ಲಿ ಹಗ್ಗದ ತುದಿಗೆ ಅರ್ಧ ಕಿಲೋಗ್ರಾಮಿನಷ್ಟು ಹಿಡಿತ ಉಳಿದಿದ್ದರೂ, ಎರಡು ಸುತ್ತುಗಳ ನಂತರ ಅದು 21 ಕಿಲೋಗ್ರಾಮಿಗಿಂತ ಹೆಚ್ಚಿನ ಎಳೆತವನ್ನು ತಡೆಯಬಲ್ಲದು. ನಮ್ಮನ್ನು ಉರುಳಿಸಲೋ 9ರಿಂದ 18 ಸಾಕು. ಎಂದರೆ, ಹಗ್ಗ ಜಾರಲು ತೊಡಗುವ ಮುನ್ನವೇ ನಾವು ಬೀಳತಕ್ಕದ್ದೆಂದು ಆಯ್ಲರನು ಮೊದಲೇ ತೀರ್ಮಾನಿಸಿಬಿಟ್ಟಿದ್ದನು! ಈಗ ನಮ್ಮ ವಿದ್ಯಾರ್ಥಿಗಳು ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೆ ತೊಡಿಸಿ ಮುಷ್ಟಿ ಮುಚ್ಚುತ್ತಾರೆ. ಕೈಗೆ ಸುತ್ತುವುದು ನಿಷಿದ್ಧ. ನಾಯಿ ಮಿತಿಮೀರಿದರೆ ಹಗ್ಗವನ್ನು ಪಕ್ಕದ ದೀಪದ ಕಂಬಕ್ಕೆ ಸುತ್ತುತ್ತಾರೆ. ಸುತ್ತು ಬೇಕಾದುದು ಅಲ್ಲಿಗೆ.

ನಾಲ್ಕು ಹಗ್ಗಗಳು ಒಂದೇ ಕೈಯಲ್ಲಿದ್ದಾಗ ಅವುಗಳ ಎಳೆತ ಒಟ್ಟು ಎಷ್ಟೆಂಬುದು ದಿಕ್ಕನ್ನು ಅವಲಂಬಿಸಿದೆಯಷ್ಟೆ. ತಲಾ 5 ಕಿಲೋಗ್ರಾಂ ಎಳೆಯುವ ಮೂರು ನಾಯಿಗಳು ಒಂದೇ ದಿಕ್ಕಿಗೆ ಎಳೆದರೆ 15. 120 ಅಂಶಗಳ ಅಂತರದಲ್ಲಿ ಚದರಿ ಎಳೆದರೆ ಶೂನ್ಯ. ದಿನದ ಬಹುಭಾಗ ನಾಯಿಗಳ ಕುತೂಹಲ ಬೇರೆಬೇರೆ ಕಡೆಗೆ ಹರಿಯುವುದರಿಂದಲೇ ನಡೆಸುವವನು ನಿಂತಿರುತ್ತಾನೆ. ಅಪಾಯ ಬರುವುದು ಅವುಗಳಿಗೆಲ್ಲ ಒಮ್ಮತ ಮೂಡಿದಾಗ. ಬೆಕ್ಕು ಮಾಡುವುದು ಅದನ್ನೇ.

ಕೈ ವಾಸಿಯಾದ ಮೇಲೆ ಎದುರಾದ ತೊಡಕು ಇನ್ನೂ ಸೂಕ್ಷ್ಮವಾದುದು. ನಾಲ್ಕು ನಾಯಿಗಳಿಗೂ ಒಂದೇ ನಡಿಗೆ ಹೊಂದುವುದಿಲ್ಲ. ನಡಿಗೆಯಲ್ಲಿ ಶರೀರವು ನೆಲಕ್ಕೂರಿದ ಕಾಲಿನ ಮೇಲೆ ತಲೆಕೆಳಗಾದ ಲೋಲಕದಂತೆ ಒಂದು ಕಮಾನನ್ನು ರಚಿಸುತ್ತ ಸಾಗುತ್ತದೆ. ವೇಗ ಹೆಚ್ಚಿದಂತೆಲ್ಲ ಈ ಕಮಾನಿನ ಮೇಲೆ ಶರೀರವನ್ನು ಹಿಡಿದಿಡಲು ಗುರುತ್ವಾಕರ್ಷಣೆಗೆ ಕಷ್ಟವಾಗುತ್ತದೆ. ಕಡೆಗೆ ನಡಿಗೆ ಮುರಿದು ಓಟವಾಗುತ್ತದೆ. ವೇಗದ ವರ್ಗವನ್ನು ಗುರುತ್ವವೇಗೋತ್ಕರ್ಷ ಮತ್ತು ಕಾಲಿನ ಉದ್ದ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಗೆ ಫ್ರೂಡ್ ಸಂಖ್ಯೆಯೆಂದು ಹೆಸರು. ವಿಲಿಯಂ ಫ್ರೂಡ್ (1810–1879) ಹಡಗುಗಳ ಎಂಜಿನಿಯರು. ಪುಟ್ಟ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು, ದೊಡ್ಡ ಹಡಗುಗಳಿಗೆ ನೀರು ಒಡ್ಡುವ ತಡೆಯನ್ನು ಮುಂದಾಗಿ ತಿಳಿಯಲು ಯತ್ನಿಸಿದವನು. ಪ್ರಾಣಿಗಳ ನಡಿಗೆಗೂ ಇದೇ ಸಂಖ್ಯೆ ಅನ್ವಯಿಸುವುದನ್ನು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಗ್ಸಾಂಡರ್ ವಿಶದಪಡಿಸಿದರು. ಈ ಸಂಖ್ಯೆ ಸುಮಾರು 0.5ನ್ನು ಮುಟ್ಟಿದಾಗ ಮನುಷ್ಯನು ನಡಿಗೆ ಬಿಟ್ಟು ಓಡುತ್ತಾನೆ, ನಾಯಿ ದುಡುಕುನಡಿಗೆಗೆ ಇಳಿಯುತ್ತದೆ.

ಈಗ ನಮ್ಮ ಬೀದಿಗೆ ಬರೋಣ. ಮನುಷ್ಯನ ಕಾಲು 90 ಸೆಂಟಿಮೀಟರೆಂದರೆ ಅವನ ನಡಿಗೆಯ ಮಿತಿ ಗಂಟೆಗೆ 7.6 ಕಿಲೋಮೀಟರು. 60 ಸೆಂಟಿಮೀಟರು ಕಾಲಿನ ಮುಧೋಳ ನಾಯಿಗೆ 6.2. ಡ್ಯಾಶ್‌ಹೌಂಡಿನ 15 ಸೆಂಟಿಮೀಟರಿನ ಕಾಲಿಗೆ ಬರುವುದು 3.1 ಮಾತ್ರ. ವಿದ್ಯಾರ್ಥಿಯ ಸಹಜ ನಡಿಗೆಯೇ ಗಂಟೆಗೆ 4.7 ಕಿಲೋಮೀಟರು. ಅವನು ವಿರಾಮವಾಗಿ ಅಡ್ಡಾಡುತ್ತಿದ್ದಾನೆ, ಮುಧೋಳಕ್ಕೆ ಬೇಸರ, ಡ್ಯಾಶ್‌ಹೌಂಡು ಮಾತ್ರ ಒಂದು ಗಂಟೆಯೂ ಬಿಡುವಿಲ್ಲದೆ ಓಡುತ್ತಿದೆ. ಅದರ ಯಜಮಾನರು, “ಇದೇನ್ರೀ, ನಮ್ಮ ನಾಯಿ ಮನೆಗೆ ಬಂದ ತಕ್ಷಣ ಮಲಗಿಬಿಡುತ್ತೆ, ಚೆನ್ನಾಗಿ ನಡೆಸಿದ್ದೀರಿ” ಎಂದು ನಮ್ಮನ್ನು ಹೊಗಳಿದರು. ಆ ಹೊಗಳಿಕೆಯನ್ನು ನಾವು ಎರಡು ತಿಂಗಳು ಸ್ವೀಕರಿಸಿದೆವು. ಅನಂತರ ಗುಂಪುಗಳನ್ನು ತಳಿಯಿಂದಾಗಲಿ ಸ್ನೇಹದಿಂದಾಗಲಿ ಅಲ್ಲ, ಅಳತೆಪಟ್ಟಿ ಹಿಡಿದು ಕಾಲಿನ ಉದ್ದದಿಂದ ವಿಂಗಡಿಸಿದೆವು.

ಅಷ್ಟರಲ್ಲಿ ಪಗ್ ನಾಯಿಯ ಸಂಗತಿ ನಡೆಯಿತು. ಇದನ್ನು ಬರೆಯಲು ಈಗಲೂ ಮನಸ್ಸು ಹಿಂಜರಿಯುತ್ತದೆ. ಅದರ ಒಡತಿ ನಿವೃತ್ತ ಶಾಲಾ ಉಪಾಧ್ಯಾಯಿನಿ, ಮನೆಯಲ್ಲಿ ಅವರಿಬ್ಬರೇ. ಏಪ್ರಿಲ್ ತಿಂಗಳ ಒಂದು ದಿನ ಪರೀಕ್ಷೆಯ ಕೆಲಸದಿಂದಾಗಿ ತಡವಾಗಿ, ಬೆಳಗ್ಗೆ ಒಂಬತ್ತೂವರೆಗೆ ಹೊರಟೆವು. ನಾವು ತೆಳು ಅಂಗಿಯಲ್ಲಿ ಸುಖವಾಗಿದ್ದೆವು. ಅರ್ಧ ದಾರಿಯಲ್ಲಿ ಪಗ್ ಕುಸಿದು, ನಾಲಗೆ ಕಡುಗೆಂಪಾಗಿ, ಕಣ್ಣು ಮೇಲಾಯಿತು.

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ, ಅದರಿಂದ ಆಗುವ ಉಪಯೋಗವೂ ಅಲ್ಪ. ಅದರ ಶಾಖವನ್ನು ಹೊರಗಟ್ಟುವ ಮುಖ್ಯ ದ್ವಾರ ತೇಕುವಿಕೆ. ಮೂಗು ಬಾಯಿಗಳ ಒದ್ದೆ ಪೊರೆಗಳ ಮೇಲೆ ಗಾಳಿಯಾಡಿಸಿ, ನೀರನ್ನು ಆವಿಮಾಡಿ, ಆ ಗುಪ್ತೋಷ್ಣದ ಮೂಲಕ ತಂಪಾಗುವುದು ಅದರ ಕ್ರಮ. 20 ಕಿಲೋಗ್ರಾಮಿನ ನಾಯಿ ವಿರಾಮದಲ್ಲಿ ಸುಮಾರು 32 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಚುರುಕಾಗಿ ನಡೆಯುವಾಗ 100 ವಾಟ್ ಎನ್ನೋಣ. ಇದೆಲ್ಲವನ್ನೂ ಆವಿಯಿಂದಲೇ ಕಳೆಯಬೇಕಾದರೆ ಗಂಟೆಗೆ 150 ಗ್ರಾಂ ನೀರು, ಎಂದರೆ ಒಂದು ದೊಡ್ಡ ಲೋಟದಷ್ಟು, ಬೇಕು. ನೀರಿನ ಬಾಟಲಿಯಿಲ್ಲದೆ ಹೊರಡಬಾರದೆಂಬುದಕ್ಕೆ ಇದೇ ಆಧಾರ.

ತೇಕುವುದಕ್ಕೂ ಸ್ನಾಯುಗಳು ದುಡಿಯಬೇಕು, ದುಡಿದರೆ ಶಾಖ. ಹಾಗಾದರೆ ಲಾಭವೇನು? ಇಲ್ಲಿ ಪ್ರಕೃತಿಯ ಒಂದು ಜಾಣ್ಮೆಯಿದೆ. ತೊಟ್ಟಿಲು ತೂಗುವ ತಾಯಿ ಅದರ ಸ್ವಂತ ಲಯಕ್ಕೆ ಸರಿಯಾಗಿ ಬೆರಳಿನಿಂದ ನೂಕುತ್ತಾಳೆ, ಶ್ರಮವೇ ತಿಳಿಯುವುದಿಲ್ಲ. ನಾಯಿಯ ಎದೆಗೂಡು ಮತ್ತು ಶ್ವಾಸಕೋಶಗಳಿಗೂ ಸ್ಪ್ರಿಂಗಿನಂತೆ ಒಂದು ಸಹಜ ಆವರ್ತನವಿದೆ. ಅದು ಸೆಕೆಂಡಿಗೆ ಸುಮಾರು 5. ನಾಯಿ ತೇಕುವುದೂ ಹೆಚ್ಚುಕಡಮೆ ಇದೇ ದರದಲ್ಲಿ, ನಿಮಿಷಕ್ಕೆ ಸುಮಾರು 300 ಸಲ. ಅನುರಣನದ ಈ ತತ್ತ್ವ 1960ರ ದಶಕದ ಆರಂಭದಲ್ಲಿ ಪ್ರಯೋಗಗಳಿಂದ ತಿಳಿದುಬಂದಿತು. ಅದರಿಂದಲೇ ನಾಯಿ ಒಂದೋ ನಿಧಾನವಾಗಿ ಉಸಿರಾಡುತ್ತದೆ, ಇಲ್ಲವೇ ಥಟ್ಟನೆ ಈ ಲಯಕ್ಕೆ ಏರುತ್ತದೆ.

ಆದರೆ ಪಗ್ ನಾಯಿಯ ಮುಖವನ್ನು ಮನುಷ್ಯನು ತನ್ನ ಮುದ್ದಿಗಾಗಿ ತಲೆಮಾರುಗಳಿಂದ ಚಪ್ಪಟೆ ಮಾಡಿದ್ದಾನೆ. ಮೂಗಿನ ದಾರಿ ಮೊಟಕು, ಹೊಳ್ಳೆ ಕಿರಿದು. ಗಾಳಿ ಸಾಗಲು ಹೆಚ್ಚು ಶ್ರಮ, ಆವಿಯಾಗಲು ಕಡಿಮೆ ಜಾಗ. ಇದು ಒಂದು ಬಗೆಯ ಕ್ರೌರ್ಯವೆಂದೇ ನಮ್ಮ ಅಭಿಪ್ರಾಯ. ಇದಕ್ಕೆ ಟಾರು ರಸ್ತೆ ಸೇರಿತು: ಬಿಸಿಲಿಗೆ ಬಿದ್ದ ಟಾರು ಗಾಳಿಗಿಂತ ಎಷ್ಟೋ ಬಿಸಿ, ಗಿಡ್ಡ ನಾಯಿಯ ಹೊಟ್ಟೆಗೆ ಅದೇ ಒಲೆ. ನಮ್ಮ ಮುಖಕ್ಕೆ ತಗಲುವ ಗಾಳಿಯೂ ಅದರ ಮೂತಿಗೆ ತಗಲುವ ಗಾಳಿಯೂ ಒಂದಲ್ಲ. ತೇವಾಂಶವೂ ಮುಖ್ಯ. ಉಸಿರಿನ ಗಾಳಿ 38 ಡಿಗ್ರಿಯಲ್ಲಿ ಘನಮೀಟರಿಗೆ ಸುಮಾರು 46 ಗ್ರಾಂ ಆವಿಯನ್ನು ಹೊರಬಲ್ಲದು. 30 ಡಿಗ್ರಿಯ ಒಣಗಾಳಿ, ಸಾಪೇಕ್ಷ ಆರ್ದ್ರತೆ ಶೇಕಡ 30 ಇದ್ದಾಗ, 9 ಗ್ರಾಂ ಹೊತ್ತು ಒಳಗೆ ಬಂದು ಇನ್ನು 37ನ್ನು ಒಯ್ಯಬಲ್ಲದು; ಶೇಕಡ 90 ಇರುವ ಕರಾವಳಿಯ ಗಾಳಿ 27ನ್ನು ಮೊದಲೇ ಹೊತ್ತಿರುವುದರಿಂದ ಒಯ್ಯುವುದು 19 ಮಾತ್ರ. ಮಂಗಳೂರಿನಲ್ಲಿ ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ ನಾಯಿ ಎಷ್ಟು ತೇಕಿದರೂ ಫಲ ಅರ್ಧ.

ನೆರಳಿಗೆ ಎತ್ತಿಕೊಂಡು ಹೋಗಿ, ಒಂದು ಮನೆಯ ನಲ್ಲಿಯಿಂದ ತಣ್ಣೀರನ್ನು ಮೈತುಂಬ ಸುರಿದು, ರಟ್ಟಿನಿಂದ ಗಾಳಿ ಬೀಸಿದೆವು. ಅನಂತರ ಆಟೋದಲ್ಲಿ ಪಶುವೈದ್ಯರ ಬಳಿಗೆ. ಮೊದಲು ತಂಪುಮಾಡಿ, ಆಮೇಲೆ ಸಾಗಿಸುವುದೇ ಸರಿಯಾದ ಕ್ರಮ. ನಾವು ಅದನ್ನು ಮಾಡಿದ್ದು ತಿಳಿದಲ್ಲ, ನಲ್ಲಿ ಹತ್ತಿರವಿದ್ದುದರಿಂದ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ. ವೈದ್ಯರ ಮೇಜಿನ ಮೇಲೆ ಅದು 41 ಇತ್ತು. ಸಂಜೆಗೆ ಅದು ಎದ್ದು ನಿಂತಿತು.

ಒಡತಿ ನಮ್ಮನ್ನು ಬಯ್ಯಲಿಲ್ಲ. “ಮೇಷ್ಟ್ರೇ, ನಿಮಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ” ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದರು. ಒಂದು ತಿಂಗಳು ನಾಯಿಯನ್ನು ಕಳುಹಿಸಲಿಲ್ಲ. ವ್ಯವಸ್ಥೆಯನ್ನೇ ನಿಲ್ಲಿಸಿಬಿಡೋಣವೆಂದು ಒಬ್ಬ ವಿದ್ಯಾರ್ಥಿ ಹೇಳಿದ; ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ಗೇಟಿನ ಬಳಿ ಬೊಗಳುವ ಉಳಿದ ನಾಯಿಗಳಿದ್ದುವು.

ಈಗ ನಡಿಗೆ ಏಳೂವರೆಗೆ ಮುಗಿಯಲೇಬೇಕು. ಹೊರಡುವ ಮೊದಲು ಹಿಂಗೈಯನ್ನು ರಸ್ತೆಯ ಮೇಲಿಟ್ಟು ಏಳು ಸೆಕೆಂಡು ಎಣಿಸುತ್ತೇವೆ. ಇಡಲಾಗದಿದ್ದರೆ ಅಂದು ನಡಿಗೆಯಿಲ್ಲ. ಒಬ್ಬರಿಗೆ ಮೂರೇ ನಾಯಿ. ಬ್ಯೂನಸ್ ಐರಿಸ್‌ನ ಎಂಟು ಅವರಿಗೇ ಇರಲಿ. ಆರಂಭದ ನಾಲ್ಕರ ಮೆರವಣಿಗೆಗೆ ಈಗ ಇಬ್ಬರು ವಿದ್ಯಾರ್ಥಿಗಳಿದ್ದಾರೆ. ರೇಬೀಸ್ ಲಸಿಕೆಯ ಕಾಗದವಿಲ್ಲದ ನಾಯಿಯನ್ನು ಸೇರಿಸುವುದಿಲ್ಲ, ವಿದ್ಯಾರ್ಥಿಗಳೂ ಮುಂಜಾಗ್ರತೆಯ ಲಸಿಕೆ ಪಡೆದಿದ್ದಾರೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದುದರಿಂದ ಸಣ್ಣ ಗೀರಾದರೂ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಬೀದಿನಾಯಿಗಳಿರುವ ಐದನೆಯ ತಿರುವಿನ ಸಮಸ್ಯೆಗೆ ನಮ್ಮಲ್ಲಿ ಲೆಕ್ಕವಿಲ್ಲ. ಅದು ಅವುಗಳ ರಾಜ್ಯ, ಸುತ್ತಿಕೊಂಡು ಹೋಗುತ್ತೇವೆ.

ಪಗ್ ಮತ್ತೆ ಬರುತ್ತಿದೆ. ಅದರ ಒಡತಿ ಗೇಟಿನಲ್ಲಿ ನಿಂತು, ನಾವು ಹಿಂಗೈ ರಸ್ತೆಗಿಡುವುದನ್ನು ತಾವೇ ಎಣಿಸುತ್ತಾರೆ. ನಾಲ್ಕನೆಯ ದೀಪದ ಕಂಬ ಬಂದೊಡನೆ ಅದು ಕುಳಿತುಬಿಡುತ್ತದೆ. ಮೊದಲಾದರೆ ಎಳೆಯುತ್ತಿದ್ದೆವು, ಈಗ ಅಲ್ಲಿಂದಲೇ ಮನೆಯ ಕಡೆಗೆ ತಿರುಗುತ್ತೇವೆ.